ಮುಖಪುಟಕ್ಕೋ ಒಳಪುಟಕ್ಕೋ: ಬೆಂಗಳೂರಿನ ಮಳೆನೀರು ಕೊಯ್ಲು ಸಂಸ್ಥೆಯೊಂದರ ಬ್ಯಾಕ್‌ಲಿಂಕ್ ಪ್ರಕರಣ

ಬೆಂಗಳೂರಿನ ಬನಶಂಕರಿಯಲ್ಲಿ ಸಣ್ಣ ಕಚೇರಿ ಇಟ್ಟುಕೊಂಡು, ಮನೆಗಳಿಗೂ ಚಿಕ್ಕ ಅಪಾರ್ಟ್‌ಮೆಂಟ್‌ಗಳಿಗೂ ಮಳೆನೀರು ಕೊಯ್ಲಿನ ವ್ಯವಸ್ಥೆ ಮಾಡಿಕೊಡುವ ಅಣ್ಣ ತಂಗಿಯರಿಬ್ಬರ ಸಂಸ್ಥೆಯ ಜಾಲತಾಣವೇ ಈ ಅಧ್ಯಯನದ ವಸ್ತು. ತಾರಸಿ ಅಳೆಯುವುದು, ಪೈಪ್ ಹಾಕಿಸುವುದು, ಇಂಗುಬಾವಿ ತೋಡಿಸುವುದು ಅಣ್ಣನ ಕೆಲಸ. ಫೋನು, ಕೊಟೇಶನ್ ಮತ್ತು ಜಾಲತಾಣ ತಂಗಿಯ ಪಾಲಿಗೆ ಬಂದಿವೆ. ಅವರ ಅಪೇಕ್ಷೆಯಂತೆ ಇಲ್ಲಿ ಸಂಸ್ಥೆಯ ಹೆಸರು ಹೇಳಿಲ್ಲ. ಜಾಲತಾಣಗಳನ್ನು ಹುಡುಕಾಟದಲ್ಲಿ ಮೇಲೆ ತರುವ ಕೆಲಸ ಮಾಡುವ ನನ್ನ ಬಳಿ ಅವರು ಬಂದದ್ದು 2024ರ ಮಳೆಗಾಲ ಆರಂಭವಾದ ಮೇಲೆ. ಆ ವರ್ಷದ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ನಗರದ ಕೊಳವೆಬಾವಿಗಳು ಸಾಲುಸಾಲಾಗಿ ಬತ್ತಿ, ಟ್ಯಾಂಕರ್ ನೀರಿಗಾಗಿ ಜನ ಪರದಾಡಿದ್ದು ಎಲ್ಲರಿಗೂ ನೆನಪಿದೆ. ಮಳೆನೀರು ಕೊಯ್ಲಿನ ಬಗ್ಗೆ ಇಡೀ ಊರು ಮಾತಾಡುತ್ತಿದ್ದ ಆ ದಿನಗಳಲ್ಲಿಯೇ ತಮ್ಮ ಜಾಲತಾಣಕ್ಕೆ ಬರುವವರ ಸಂಖ್ಯೆ ಕುಸಿದಿತ್ತು ಎಂಬುದು ಅವರ ದೂರು.

ಅವರು ಕೇಳಿದ ಪ್ರಶ್ನೆ ಮಾತ್ರ ಬೇರೆಯಾಗಿತ್ತು. ಬ್ಯಾಕ್‌ಲಿಂಕ್‌ಗಳನ್ನು, ಅಂದರೆ ಬೇರೆ ಜಾಲತಾಣಗಳಿಂದ ನಮ್ಮತ್ತ ಬರುವ, ಗೂಗಲ್ ಹುಡುಕಾಟದಲ್ಲಿ ಪುಟ ಮೇಲೇರಲು ಬಲ ಕೊಡುವ ಕೊಂಡಿಗಳನ್ನು, ಇನ್ನು ಮುಂದೆ ಮುಖಪುಟಕ್ಕೆ ಕೊಡಿಸಬೇಕೋ ಒಳಪುಟಗಳಿಗೆ ಕೊಡಿಸಬೇಕೋ ಎಂದು ಅವರು ತಿಳಿಯಬಯಸಿದ್ದರು. ಈ ವಿಷಯದಲ್ಲಿ ಅಣ್ಣ ತಂಗಿಯರಲ್ಲಿಯೇ ಒಮ್ಮತವಿರಲಿಲ್ಲ. "ಅಂಗಡಿ ಬೋರ್ಡು ಮುಂಬಾಗಿಲಿಗೆ ಹಾಕ್ತೀವಿ ಸರ್, ಹಿತ್ತಲಿಗೆ ಯಾರು ಹಾಕ್ತಾರೆ?" ಎಂಬುದು ಅಣ್ಣನ ವಾದ. ತಂಗಿಯದು ಅನುಭವದ ಮಾತು: "ಫೋನ್ ಮಾಡೋರು ಯಾರೂ ನಮ್ಮ ಹೆಸರು ಹೇಳಿ ಕೇಳಲ್ಲ ಸರ್. ತರ್ಟಿ ಫಾರ್ಟಿ ಸೈಟಿಗೆ ಎಷ್ಟು ಲೀಟರ್ ಸಂಪು ಬೇಕು ಅಂತಾನೇ ಶುರು ಮಾಡ್ತಾರೆ." ಇಬ್ಬರ ಮಾತಿನಲ್ಲಿಯೂ ನಿಜವಿತ್ತು. ಆದರೆ ಈ ಜಾಲತಾಣಕ್ಕೆ ಆಗಿದ್ದ ನಷ್ಟಕ್ಕೆ ಕಾರಣ ಇವೆರಡರ ಆಚೆಗಿತ್ತು ಎಂಬುದು ಆಮೇಲೆ ತಿಳಿಯಿತು.

ಇದ್ದ ಸ್ಥಿತಿ

ಜಾಲತಾಣದಲ್ಲಿ ಅರವತ್ತಕ್ಕೂ ಹೆಚ್ಚು ಪುಟಗಳಿದ್ದವು. ಮೊದಲಿಗೆ, ಜಾಲತಾಣ ನಡೆಸುವವರಿಗೆ ಗೂಗಲ್ ಒದಗಿಸುವ ಸರ್ಚ್ ಕನ್ಸೋಲ್ ಎಂಬ ಸೌಲಭ್ಯದಲ್ಲಿ ಕೊಂಡಿಗಳ ವರದಿಯನ್ನು ತೆರೆದೆವು. ಹೊರಗಿನ ಜಾಲತಾಣಗಳು ನಮ್ಮ ಯಾವ ಪುಟಕ್ಕೆ ಹೆಚ್ಚು ಕೊಂಡಿ ಕೊಟ್ಟಿವೆ, ಯಾವ ಪದಗಳ ಮೇಲೆ ಕೊಟ್ಟಿವೆ, ಜಾಲತಾಣದ ಒಳಗೆ ಯಾವ ಪುಟಕ್ಕೆ ಎಷ್ಟು ಕೊಂಡಿಗಳಿವೆ ಎಂಬುದನ್ನು ಈ ವರದಿ ಬೇರೆಬೇರೆಯಾಗಿ ತೋರಿಸುತ್ತದೆ. ಹೊರಗಿನ ಕೊಂಡಿಗಳು ಬಹುತೇಕ ಎಲ್ಲವೂ ಮುಖಪುಟಕ್ಕೇ ಇದ್ದವು. ಕೊಂಡಿಯ ಪಠ್ಯವನ್ನು ನೋಡಿದಾಗ ಕಾರಣ ತಿಳಿಯಿತು: 'ಬೆಸ್ಟ್ ರೇನ್‌ವಾಟರ್ ಹಾರ್ವೆಸ್ಟಿಂಗ್ ಇನ್ ಬ್ಯಾಂಗಲೋರ್' ಎಂಬ ಒಂದೇ ಪದಗುಚ್ಛ ಸಾಲುಸಾಲಾಗಿ ನಿಂತಿತ್ತು. ತಿಂಗಳಿಗೆ ಇಷ್ಟು ಲಿಂಕ್ ಎಂದು ಲೆಕ್ಕ ಹಾಕಿ ಹಣ ಪಡೆಯುತ್ತಿದ್ದ ಏಜೆನ್ಸಿಯೊಂದು, ನೀರಿಗೂ ಕಟ್ಟಡಕ್ಕೂ ಸಂಬಂಧವೇ ಇಲ್ಲದ ಜಾಲತಾಣಗಳಲ್ಲಿ ಒಂದೂವರೆ ವರ್ಷ ಇವನ್ನು ಹಾಕಿಸಿತ್ತು.

ಹೀಗೆ ಹಣ ಕೊಟ್ಟು ಹಾಕಿಸಿದ ಕೊಂಡಿಗಳು ಗೂಗಲ್‌ನ ಸ್ಪ್ಯಾಮ್ ನೀತಿಗೆ ವಿರುದ್ಧ. 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಪರಿಷ್ಕರಣೆ ಬಂದಾಗ ಇಂಥ ಕೊಂಡಿಗಳನ್ನು ನೆಚ್ಚಿದ್ದ ಜಾಲತಾಣಗಳು ಹುಡುಕಾಟದ ಫಲಿತಾಂಶಗಳಲ್ಲಿ ಕೆಳಗೆ ಬಿದ್ದಿದ್ದವು. 2016ರ ಸೆಪ್ಟೆಂಬರ್‌ನಿಂದ ಪೆಂಗ್ವಿನ್ ಗೂಗಲ್ ಹುಡುಕಾಟದ ಮುಖ್ಯ ಕ್ರಮವಿಧಿಯ (ಅಲ್ಗಾರಿದಮ್‌ನ) ಭಾಗವಾಯಿತು. ಆಗಿನಿಂದ ಗೂಗಲ್ ಇಂಥ ಕೊಂಡಿಗಳಿಗೆ ಇಡೀ ಜಾಲತಾಣವನ್ನು ದಂಡಿಸುವ ಬದಲು, ಹೆಚ್ಚಾಗಿ ಕೊಂಡಿಯ ಬೆಲೆಯನ್ನೇ ತೆಗೆದುಹಾಕುತ್ತದೆ. ನಮ್ಮ ಪ್ರಕರಣದಲ್ಲಿ ಗೂಗಲ್‌ನಿಂದ ಯಾವುದೇ ನೇರ ಕ್ರಮದ ಸೂಚನೆ ಬಂದಿರಲಿಲ್ಲ. ಆದ್ದರಿಂದ 2012ರ ಅಕ್ಟೋಬರ್‌ನಲ್ಲಿ ಬಂದ ಡಿಸ್‌ಅವೌ ಉಪಕರಣವನ್ನು, ಅಂದರೆ 'ಈ ಕೊಂಡಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ' ಎಂದು ಗೂಗಲ್‌ಗೆ ತಿಳಿಸುವ ಸೌಲಭ್ಯವನ್ನು, ನಾವು ಮುಟ್ಟಲಿಲ್ಲ. ಹಣ ಕೊಡುವುದನ್ನು ನಿಲ್ಲಿಸಿದೆವು, ಅಷ್ಟೇ. ಬೆಲೆಯಿಲ್ಲದ ಕೊಂಡಿಗಳನ್ನು ಹುಡುಕಿ ಅಳಿಸುವುದಕ್ಕೆ ತಿಂಗಳುಗಟ್ಟಲೆ ದುಡಿಯುವವರನ್ನು ನೋಡಿದ್ದೇನೆ. ಆ ಶ್ರಮವನ್ನು ಒಂದು ಒಳ್ಳೆಯ ಪುಟಕ್ಕೆ ಹಾಕಿದರೆ ಹೆಚ್ಚು ಫಲ ಎಂಬುದು ನನ್ನ ದೃಢ ಅಭಿಪ್ರಾಯ.

ಕಳೆದುಹೋಗಿದ್ದ ಪುಟ

ಸರ್ವರಿನ ದಾಖಲೆಗಳನ್ನು ಓದಲು ಕುಳಿತಾಗ ಮುಖ್ಯ ಸಂಗತಿ ಬೆಳಕಿಗೆ ಬಂತು. ಈಗ ಅಸ್ತಿತ್ವದಲ್ಲೇ ಇಲ್ಲದ ಒಂದು ವಿಳಾಸವನ್ನು ಜನ ಮತ್ತೆ ಮತ್ತೆ ಕೇಳಿಕೊಂಡು ಬರುತ್ತಿದ್ದರು. ಈಚಿನ ಬ್ರೌಸರುಗಳು ಓದುಗ ಯಾವ ಪುಟದಿಂದ ಬಂದ ಎಂಬುದನ್ನು ಪೂರ್ತಿಯಾಗಿ ತಿಳಿಸುವುದಿಲ್ಲ, ಜಾಲತಾಣದ ಹೆಸರನ್ನಷ್ಟೇ ದಾಟಿಸುತ್ತವೆ. ಹಾಗಿದ್ದರೂ ಒಂದು ಕನ್ನಡ ದಿನಪತ್ರಿಕೆ, ದಕ್ಷಿಣ ಬೆಂಗಳೂರಿನ ಎರಡು ಬಡಾವಣೆಗಳ ನಿವಾಸಿಗಳ ಸಂಘಗಳು, ಒಂದು ಎಂಜಿನಿಯರಿಂಗ್ ಕಾಲೇಜು ಹಾಗೂ ಒಬ್ಬ ವಾಸ್ತುಶಿಲ್ಪಿಯ ಜಾಲತಾಣ, ಇಷ್ಟು ಕಡೆಗಳಿಂದ ಓದುಗರು ಬರುತ್ತಿದ್ದರು ಎಂಬುದು ಸ್ಪಷ್ಟವಾಯಿತು. ಇವುಗಳಲ್ಲಿ ಒಂದನ್ನೂ ಯಾರೂ ಹಣ ಕೊಟ್ಟು ಹಾಕಿಸಿರಲಿಲ್ಲ.

ತಂಗಿಯನ್ನು ಕೇಳಿದಾಗ ಅವರಿಗೆ ತಕ್ಷಣ ನೆನಪಾಯಿತು. ಕೆಲವು ವರ್ಷಗಳ ಹಿಂದೆ ಅವರೇ ಬರೆದಿದ್ದ 'ನಿಮ್ಮ ತಾರಸಿಯ ಮಳೆಯ ಲೆಕ್ಕ' ಎಂಬ ಪುಟ ಅದು. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು ಎಂಬ ಸರಳ ಸೂತ್ರದಿಂದ ಆ ಪುಟ ಆರಂಭವಾಗುತ್ತಿತ್ತು. 30×40 ನಿವೇಶನದಲ್ಲಿ ಕಟ್ಟಿದ ಮನೆಯ ತಾರಸಿ ಸಾವಿರ ಚದರ ಅಡಿ ಎಂದಿಟ್ಟುಕೊಂಡರೆ ಅದು ಸುಮಾರು 93 ಚದರ ಮೀಟರ್. ಸಂಜೆ ಒಂದು ಗಂಟೆ ಜೋರಾಗಿ ಸುರಿದು 25 ಮಿಲಿಮೀಟರ್ ದಾಖಲಾದರೆ ಆ ತಾರಸಿಯ ಮೇಲೆ 2,325 ಲೀಟರ್ ಬಿದ್ದಿರುತ್ತದೆ. ಆವಿಯಾಗಿ ಹೋದದ್ದನ್ನೂ, ಕೊಳೆ ತೊಳೆಯಲು ಬಿಟ್ಟುಬಿಡುವ ಮೊದಲ ಮಳೆಯ ನೀರನ್ನೂ ಸೇರಿಸಿ ಐದರಲ್ಲೊಂದು ಪಾಲು ಕಳೆದರೂ 1,860 ಲೀಟರ್ ಸಂಪಿಗೆ ಸೇರುತ್ತದೆ. ನಗರದ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿಲಿಮೀಟರ್ ಎಂದು ಹಿಡಿದರೆ ವರ್ಷಕ್ಕೆ ಎಪ್ಪತ್ತು ಸಾವಿರ ಲೀಟರಿಗೂ ಮಿಕ್ಕಿ ಸಿಗುತ್ತದೆ. ಪತ್ರಿಕೆಯವರಿಗೂ ಸಂಘದವರಿಗೂ ಕಾಲೇಜಿನವರಿಗೂ ಬೇಕಾಗಿದ್ದುದು ಇಷ್ಟು ಬಿಡಿಸಿ ಹೇಳಿದ ಈ ಲೆಕ್ಕ. 2009ರ ಕಾನೂನು ತಿದ್ದುಪಡಿಯ ನಂತರ 30×40 ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಲ್ಲಿ ಕಟ್ಟುವ ಹೊಸ ಮನೆಗಳಿಗೂ, 60×40 ಮತ್ತು ಮೇಲ್ಪಟ್ಟ ನಿವೇಶನಗಳ ಹಳೆಯ ಕಟ್ಟಡಗಳಿಗೂ ಮಳೆನೀರು ಕೊಯ್ಲು ಕಡ್ಡಾಯವಾಗಿರುವುದರಿಂದ, ಜಯನಗರದಲ್ಲಿರುವ ಜಲಮಂಡಳಿಯ ಮಳೆನೀರು ಕೊಯ್ಲು ಉದ್ಯಾನ ನೋಡಿಕೊಂಡು ಮನೆಗೆ ಬಂದವರು ಸಹ ಮೊದಲು ಹುಡುಕುವುದು ಇದನ್ನೇ.

2024ರ ಬೇಸಿಗೆಗೆ ಸ್ವಲ್ಪ ಮೊದಲು ಜಾಲತಾಣದ ವಿನ್ಯಾಸ ಬದಲಾಯಿತು. ಹೊಸ ವಿನ್ಯಾಸ ಮಾಡಿದವರು ಹಳೆಯ ಬರಹದ ಪುಟಗಳನ್ನೆಲ್ಲ ತೆಗೆದು, ಅವುಗಳ ವಿಳಾಸಗಳನ್ನು ಒಂದೇ ಏಟಿಗೆ ಮುಖಪುಟಕ್ಕೆ ರೀಡೈರೆಕ್ಟ್ ಮಾಡಿದ್ದರು, ಅಂದರೆ ಆ ವಿಳಾಸ ಕೇಳಿ ಬಂದವರು ತಾವಾಗಿ ಮುಖಪುಟಕ್ಕೆ ಹೋಗುವಂತೆ ತಿರುಗಿಸಿದ್ದರು. ಹೀಗೆ ಮಾಡಿದರೆ ಆ ಪುಟಗಳ ಕೊಂಡಿಗಳ ಬಲವೆಲ್ಲ ಮುಖಪುಟಕ್ಕೆ ಸೇರುತ್ತದೆ ಎಂಬ ನಂಬಿಕೆ ನಮ್ಮ ವೃತ್ತಿಯಲ್ಲಿ ವ್ಯಾಪಕವಾಗಿದೆ. ವಾಸ್ತವ ಹಾಗಿಲ್ಲ. ಒಂದು ಪುಟವನ್ನು ಅದೇ ವಿಷಯದ ಹೊಸ ಪುಟಕ್ಕೆ 301 ರೀಡೈರೆಕ್ಟ್, ಅಂದರೆ ಶಾಶ್ವತ ರೀಡೈರೆಕ್ಟ್, ಮಾಡಿದರೆ ಬಲ ದಾಟುತ್ತದೆ. ವಿಷಯಕ್ಕೆ ಸಂಬಂಧವಿಲ್ಲದ ಮುಖಪುಟಕ್ಕೆ ಕಳಿಸಿದರೆ ಗೂಗಲ್ ಅದನ್ನು ಸಾಫ್ಟ್ 404 ಎಂದು, ಅಂದರೆ ಪುಟವೇ ಇಲ್ಲವೆಂದು, ಪರಿಗಣಿಸುವ ಸಾಧ್ಯತೆಯೇ ಹೆಚ್ಚು. ಓದುಗನ ಕಡೆಯಿಂದ ನೋಡಿದರೂ ಇದು ಸರಿಯೇ: ಲೀಟರಿನ ಲೆಕ್ಕ ಕೇಳಿ ಬಂದವನಿಗೆ 'ನಮ್ಮ ಸಂಸ್ಥೆಗೆ ಸ್ವಾಗತ' ಎಂದರೆ ಅವನು ಹಿಂದಿರುಗಿ ಹೋಗುತ್ತಾನೆ. ಊರಿಗೆ ಊರೇ ನೀರಿನ ಲೆಕ್ಕ ಹಾಕುತ್ತಿದ್ದ ಆ ಬೇಸಿಗೆಯಲ್ಲಿ, ಹಲವು ವರ್ಷಗಳಲ್ಲಿ ತಾನಾಗಿ ಕೂಡಿಬಂದಿದ್ದ ಕೊಂಡಿಗಳೆಲ್ಲ ಹೀಗೆ ಖಾಲಿ ಬಾಗಿಲಿಗೆ ಜನರನ್ನು ತಂದು ನಿಲ್ಲಿಸುತ್ತಿದ್ದವು. ಇದನ್ನು ತಿಳಿದಾಗ ಆ ತಂಗಿಯ ಮುಖದಲ್ಲಿ ಮೂಡಿದ ನೋವನ್ನು ನಾನು ಮರೆತಿಲ್ಲ.

ಮುಖಪುಟದಿಂದ ಒಳಗೆ ಎಷ್ಟು ತಲುಪುತ್ತದೆ

ಅಣ್ಣನ ಮುಂಬಾಗಿಲಿನ ವಾದಕ್ಕೆ ಉತ್ತರ ಕೊಡುವುದು ಬಾಕಿಯಿತ್ತು. ಮುಖಪುಟಕ್ಕೆ ಬಂದ ಬಲ ಹೇಗೂ ಒಳಗಿನ ಪುಟಗಳಿಗೆ ಹರಿಯುತ್ತದಲ್ಲ ಎಂದು ಅವರು ಕೇಳಿದರು. ಹರಿಯುತ್ತದೆ ಎಂಬುದು ನಿಜ. ಎಷ್ಟು ಹರಿಯುತ್ತದೆ ಎಂಬುದನ್ನು ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ 1998ರಲ್ಲಿ ಪ್ರಕಟಿಸಿದ ಪೇಜ್‌ರ‍್ಯಾಂಕ್ ಸೂತ್ರದಿಂದಲೇ ಲೆಕ್ಕ ಹಾಕಿ ತೋರಿಸಿದೆ. ಆ ಸೂತ್ರದ ಪ್ರಕಾರ ಒಂದು ಪುಟ ತನ್ನ ಬಲದಲ್ಲಿ 0.85 ಭಾಗವನ್ನು ತನ್ನಿಂದ ಹೊರಡುವ ಕೊಂಡಿಗಳಿಗೆ ಸಮನಾಗಿ ಹಂಚುತ್ತದೆ. ಇವರ ಮುಖಪುಟದಲ್ಲಿ ಮೇಲಿನ ಪಟ್ಟಿ, ಚಿತ್ರಗಳು, ಅಡಿಬರಹ ಎಲ್ಲ ಸೇರಿ 64 ಕೊಂಡಿಗಳಿದ್ದವು. ಅವುಗಳಲ್ಲೊಂದು 'ಸೇವೆಗಳು' ಎಂಬ ಪುಟಕ್ಕೆ ಹೋಗುತ್ತಿತ್ತು. ಆ ಪುಟದಲ್ಲಿ 20 ಕೊಂಡಿಗಳಿದ್ದು, ಅವುಗಳಲ್ಲೊಂದು ಇಂಗುಬಾವಿಯ ಪುಟಕ್ಕೆ ದಾರಿಯಾಗಿತ್ತು. 0.85ನ್ನು 64ರಿಂದ ಭಾಗಿಸಿ, ಬಂದದ್ದನ್ನು ಮತ್ತೆ 0.85ರಿಂದ ಗುಣಿಸಿ 20ರಿಂದ ಭಾಗಿಸಿದರೆ, ಮುಖಪುಟದ ಬಲದಲ್ಲಿ ಆ ದಾರಿಯಾಗಿ ಇಂಗುಬಾವಿಯ ಪುಟಕ್ಕೆ ಮುಟ್ಟುವುದು ಹತ್ತು ಸಾವಿರದಲ್ಲಿ ಆರು ಪಾಲಿಗಿಂತಲೂ ಕಡಿಮೆ. ಇಂದಿನ ಗೂಗಲ್ ಇಷ್ಟು ಸರಳವಾಗಿ ನಡೆಯುವುದಿಲ್ಲ, ಕೊಂಡಿಗಳಲ್ಲದೆ ಬೇರೆ ಎಷ್ಟೋ ಸಂಗತಿಗಳನ್ನು ನೋಡುತ್ತದೆ. 2010ರಲ್ಲಿ ಗೂಗಲ್‌ಗೆ ದೊರೆತ ಒಂದು ಪೇಟೆಂಟಿನಲ್ಲಿ, ಓದುಗ ಒತ್ತುವ ಸಾಧ್ಯತೆ ಹೆಚ್ಚಿರುವ ಕೊಂಡಿಗೆ ಹೆಚ್ಚು ತೂಕ, ಅಡಿಬರಹದಂಥ ಕಡೆಯ ಕೊಂಡಿಗೆ ಕಡಿಮೆ ತೂಕ ಕೊಡುವ ವಿಚಾರವೂ ಇದೆ. ಆದರೂ ದಿಕ್ಕು ತೋರಿಸಲು ಈ ಹಳೆಯ ಲೆಕ್ಕ ಸಾಕು. ದಿನವಿಡೀ ಪೈಪಿನ ಅಳತೆಯಲ್ಲೇ ಇರುವ ಅಣ್ಣನಿಗೆ, ಒಂದು ಇಳಿಗೊಳವೆಯ ನೀರನ್ನು 64 ಕವಲಿಗೆ ಹಂಚಿದರೆ ಕೊನೆಯ ನಲ್ಲಿಯಲ್ಲಿ ಎಷ್ಟು ಬರುತ್ತದೆ ಎಂಬುದನ್ನು ನಾನು ವಿವರಿಸಬೇಕಾಗಲಿಲ್ಲ.

ಈ ಲೆಕ್ಕದಿಂದ ಮುಖಪುಟದ ಕೊಂಡಿ ನಿರರ್ಥಕ ಎಂಬ ತೀರ್ಮಾನಕ್ಕೆ ಬರಬಾರದು. ಪೈಪ್ ಸರಬರಾಜುದಾರರ ಪಟ್ಟಿಯಲ್ಲಿ, ನಕ್ಷೆಯ ಮೇಲಿನ ವ್ಯವಹಾರದ ವಿವರದಲ್ಲಿ, ಕೆಲಸ ಮಾಡಿಸಿಕೊಂಡ ಅಪಾರ್ಟ್‌ಮೆಂಟಿನವರ ಕೃತಜ್ಞತೆಯ ಸಾಲಿನಲ್ಲಿ ಸಂಸ್ಥೆಯ ಹೆಸರು ಬಂದರೆ, ಆ ಹೆಸರಿನ ಮೇಲಿನ ಕೊಂಡಿ ಮುಖಪುಟಕ್ಕೇ ಹೋಗಬೇಕು. ಅಲ್ಲಿ ಮಾತು ಸಂಸ್ಥೆಯ ಬಗ್ಗೆಯೇ ಆಗಿರುತ್ತದೆ. ಇನ್ನೊಬ್ಬರು ತಮ್ಮ ಬರಹದಲ್ಲಿ ಒಂದು ವಿಷಯ ಹೇಳುತ್ತ, ಅದರ ಆಧಾರಕ್ಕಾಗಿ ನಮ್ಮತ್ತ ಕೈ ತೋರಿಸುವಾಗ ಮಾತ್ರ ಕೊಂಡಿ ಆ ವಿಷಯದ ಪುಟಕ್ಕೇ ಇಳಿಯಬೇಕು. ಕೊಂಡಿ ಕೊಡುವವರ ವಾಕ್ಯ ಏನು ಹೇಳುತ್ತಿದೆ ಎಂಬುದರಿಂದ ಅದು ತಲುಪಬೇಕಾದ ಪುಟ ನಿರ್ಧಾರವಾಗುತ್ತದೆ. ಮುಖಪುಟಕ್ಕೆ ಇಷ್ಟು, ಒಳಪುಟಕ್ಕೆ ಇಷ್ಟು ಎಂದು ಮೊದಲೇ ಅನುಪಾತ ಗೊತ್ತುಮಾಡಿಕೊಂಡು ಹೊರಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಆ ಅನುಪಾತವನ್ನು ತುಂಬಿಸಲು ಹೋದಾಗಲೇ ಏಜೆನ್ಸಿ ಹಾಕಿಸಿದಂಥ ಕೊಂಡಿಗಳು ಹುಟ್ಟುತ್ತವೆ.

ದರದ ಪುಟ, ಕೊಟೇಶನ್ ಕೇಳುವ ಪುಟ, ಫಿಲ್ಟರ್ ಅಳವಡಿಕೆಯ ಸೇವೆಯ ಪುಟ, ಇವುಗಳಿಗೆ ಹೊರಗಿನವರು ಕೊಂಡಿ ಕೊಡುವುದು ಅಪರೂಪ. ಇನ್ನೊಬ್ಬರ ವ್ಯಾಪಾರದ ಪುಟವನ್ನು ತಮ್ಮ ಓದುಗರಿಗೆ ತೋರಿಸಲು ಯಾರಿಗೂ ಕಾರಣವಿರುವುದಿಲ್ಲ. ಹಾಗಾಗಿ ಅವುಗಳಿಗೆ ನೇರವಾಗಿ ಕೊಂಡಿ ಕೇಳುವ ಯೋಚನೆಯನ್ನೇ ಬಿಟ್ಟು, ಲೆಕ್ಕದ ಪುಟಕ್ಕೆ ಬರುವ ಬಲವನ್ನು ಅಲ್ಲಿಂದ ಅವುಗಳಿಗೆ ದಾಟಿಸುವುದು ಎಂದು ನಿರ್ಧರಿಸಿದೆವು.

ಮಾಡಿದ ಕೆಲಸ

ಮೊದಲು ಹಳೆಯ ಪುಟವನ್ನು ಮತ್ತೆ ಬರೆದೆವು. ಬ್ಯಾಕಪ್‌ನಲ್ಲಿದ್ದ ಪಠ್ಯವನ್ನು ಹಾಗೇ ಹಾಕದೆ, ತಾರಸಿಯ ಅಳತೆಯನ್ನೂ ಮಳೆಯ ಪ್ರಮಾಣವನ್ನೂ ಓದುಗರೇ ತುಂಬಿದರೆ ಲೀಟರ್ ತೋರಿಸುವ ಸಣ್ಣ ಗಣನೆಯ ಪೆಟ್ಟಿಗೆಯೊಂದನ್ನು ಸೇರಿಸಿದೆವು. ಹೊಸ ಪುಟದ ವಿಳಾಸ ಯಾವ ಲಿಪಿಯಲ್ಲಿರಬೇಕು ಎಂಬ ಪ್ರಶ್ನೆ ಇಲ್ಲಿ ಎದುರಾಯಿತು. ಕನ್ನಡ ಜಾಲತಾಣ ನಡೆಸುವ ಎಲ್ಲರಿಗೂ ಇದು ಬೇಕಾದದ್ದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹಳೆಯ ವಿಳಾಸ ಕನ್ನಡ ಲಿಪಿಯಲ್ಲಿತ್ತು. ಬ್ರೌಸರಿನಲ್ಲಿ ಅದು ಓದಲು ಚೆನ್ನಾಗಿಯೇ ಕಾಣುತ್ತದೆ. ಆದರೆ ನಕಲು ಮಾಡಿ ಬೇರೆ ಕಡೆ ಅಂಟಿಸಿದಾಗ ಹಲವು ವೇಳೆ ಅದು ಶೇಕಡಾ ಚಿಹ್ನೆಗಳ ಉದ್ದನೆಯ ಸರಮಾಲೆಯಾಗುತ್ತದೆ. ಕನ್ನಡದ ಪ್ರತಿಯೊಂದು ಯೂನಿಕೋಡ್ ಸಂಕೇತಕ್ಕೂ, ಗಣಕ ಪಠ್ಯವನ್ನು ಉಳಿಸಿಕೊಳ್ಳುವ ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟುಗಳು ಬೇಕು, ವಿಳಾಸದಲ್ಲಿ ಪ್ರತಿ ಬೈಟೂ ಮೂರು ಚಿಹ್ನೆಗಳಾಗುತ್ತದೆ. ಹೀಗಾಗಿ 'ಮಳೆನೀರು' ಎಂಬ ಪದ ನಮ್ಮ ಕಣ್ಣಿಗೆ ನಾಲ್ಕು ಅಕ್ಷರವಾದರೂ ಗಣಕಕ್ಕೆ 7 ಸಂಕೇತ, ವಿಳಾಸದಲ್ಲಿ 63 ಚಿಹ್ನೆ. ಮೂರು ನಾಲ್ಕು ಪದಗಳ ಶೀರ್ಷಿಕೆಯಾದರೆ ಇನ್ನೂರು ದಾಟುತ್ತದೆ. "ಈ ಲಿಂಕ್ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ರೆ ಜನ ವೈರಸ್ ಅಂದ್ಕೊಂಡು ಒತ್ತೋದೇ ಇಲ್ಲ ಸರ್," ಎಂದು ತಂಗಿ ಹೇಳಿದ ಮೇಲೆ ನನಗೆ ಇನ್ನೊಂದು ವಿಷಯ ಹೊಳೆಯಿತು. ಮುಖಪುಟಕ್ಕೆ ಇದ್ದ ಪ್ರಾಮಾಣಿಕ ಕೊಂಡಿಗಳಲ್ಲಿ ಕೆಲವು, ಸುತ್ತಲಿನ ವಾಕ್ಯವನ್ನು ಓದಿದರೆ, ಲೆಕ್ಕದ ಪುಟದ ಬಗ್ಗೆಯೇ ಇದ್ದವು. ಬರೆದವರು ಆ ಉದ್ದನೆಯ ವಿಳಾಸವನ್ನು ನೋಡಿ ಬೇಸತ್ತು, ಕತ್ತರಿಸಿ, ಮುಖಪುಟವನ್ನಷ್ಟೇ ಉಳಿಸಿಕೊಂಡಿದ್ದರು. ಗೂಗಲ್‌ಗೆ ಕನ್ನಡ ಲಿಪಿಯ ವಿಳಾಸದಿಂದ ತೊಂದರೆಯೇನೂ ಇಲ್ಲ, ಓದುಗರ ಭಾಷೆಯ ಪದಗಳನ್ನು ವಿಳಾಸದಲ್ಲಿ ಬಳಸಿ ಎಂದೇ ಅದರ ಸಲಹೆ. ತೊಂದರೆ ಇದ್ದುದು ನಕಲು ಮಾಡಿ ಅಂಟಿಸುವ ಮನುಷ್ಯರಿಗೆ. ಕನ್ನಡ ಲಿಪಿಯನ್ನು ವಿಳಾಸದಿಂದ ತೆಗೆಯುವುದು ನನಗೆ ಇಷ್ಟದ ಕೆಲಸವಾಗಿರಲಿಲ್ಲ. ಆದರೂ ಈ ಪ್ರಕರಣದಲ್ಲಿ 'ಮಳೆ ಲೆಕ್ಕ' ಎಂಬ ಎರಡೇ ಪದಗಳನ್ನು ರೋಮನ್ ಅಕ್ಷರಗಳಲ್ಲಿ ಬರೆದು ಚಿಕ್ಕ ವಿಳಾಸ ಮಾಡಿದೆವು. ಪುಟದ ಶೀರ್ಷಿಕೆಯೂ ಪಠ್ಯವೂ ಕನ್ನಡದಲ್ಲೇ ಉಳಿದವು.

ನಂತರ ಹಳೆಯ ವಿಳಾಸದಿಂದ ಈ ಹೊಸ ಪುಟಕ್ಕೆ 301 ರೀಡೈರೆಕ್ಟ್ ಹಾಕಿದೆವು. ಅಳಿಸಿಹೋಗಿದ್ದ ಉಳಿದ ಬರಹಗಳಲ್ಲಿ ಹೊರಗಿನ ಕೊಂಡಿಯಿದ್ದವನ್ನು ಮಾತ್ರ ಮರಳಿ ಪ್ರಕಟಿಸಿ, ಮಿಕ್ಕವನ್ನು ನೇರವಾಗಿ 404 ಆಗಲು ಬಿಟ್ಟೆವು. ಲೆಕ್ಕದ ಪುಟದ ಪಠ್ಯದ ನಡುವೆ, ಮಾತು ಸಹಜವಾಗಿ ಬಂದ ಕಡೆ, ಮೂರೇ ಮೂರು ಕೊಂಡಿಗಳನ್ನಿಟ್ಟೆವು: ಸಂಪಿನ ಅಳತೆಯ ಮಾತಿನಲ್ಲಿ ಸಂಪು ನಿರ್ಮಾಣದ ಪುಟಕ್ಕೆ, ಮೊದಲ ಮಳೆಯ ಕೊಳೆಯ ಮಾತಿನಲ್ಲಿ ಫಿಲ್ಟರಿನ ಪುಟಕ್ಕೆ, ತುಂಬಿ ಹರಿಯುವ ನೀರಿನ ಮಾತಿನಲ್ಲಿ ಇಂಗುಬಾವಿಯ ಪುಟಕ್ಕೆ. 'ಇಲ್ಲಿ ಒತ್ತಿ' ಎಂದು ಬರೆಯದೆ, ಹೋಗುವ ಪುಟದ ವಿಷಯವನ್ನೇ ಕೊಂಡಿಯ ಪಠ್ಯವಾಗಿಸಿದೆವು. ಮುಖಪುಟದ 64 ಕೊಂಡಿಗಳಲ್ಲಿ ಎರಡೆರಡು ಸಲ ಬಂದಿದ್ದವನ್ನೂ ಯಾರೂ ಒತ್ತದವನ್ನೂ ತೆಗೆದು 27ಕ್ಕೆ ಇಳಿಸಿದೆವು. ಹಿಂದೆ ಕೆಲವರು ಒಳಗಿನ ಕೊಂಡಿಗಳಿಗೆ ನೋಫಾಲೋ ಗುರುತು, ಅಂದರೆ 'ಈ ಕೊಂಡಿಯನ್ನು ಅನುಸರಿಸಬೇಡಿ' ಎಂದು ಗೂಗಲ್‌ಗೆ ಹೇಳುವ ಗುರುತು, ಹಾಕಿ ಬಲವನ್ನು ಬೇಕಾದ ಕಡೆ ತಿರುಗಿಸಲು ನೋಡುತ್ತಿದ್ದರು. ಆ ಉಪಾಯ ಕೆಲಸ ಮಾಡುವುದಿಲ್ಲ ಎಂದು ಗೂಗಲ್ 2009ರಲ್ಲಿಯೇ ಸ್ಪಷ್ಟಪಡಿಸಿದೆ, ನಾವು ಅದರ ಗೋಜಿಗೆ ಹೋಗಲಿಲ್ಲ.

ಕೊನೆಗೆ ತಂಗಿ ಕುಳಿತು, ಲೆಕ್ಕದ ಪುಟದ ಬಗ್ಗೆ ಬರೆದು ಮುಖಪುಟಕ್ಕೆ ಕೊಂಡಿ ಕೊಟ್ಟಿದ್ದವರಿಗೆ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಪತ್ರ ಬರೆದರು. ಪತ್ರ ಮೂರು ಸಾಲಿನದು: ನೀವು ಹೇಳಿದ ಪುಟ ನಡುವೆ ಕಾಣೆಯಾಗಿತ್ತು, ಈಗ ಈ ವಿಳಾಸದಲ್ಲಿದೆ, ನಿಮ್ಮ ಓದುಗರಿಗೆ ಅನುಕೂಲವಾದರೆ ಬದಲಿಸಿ. ಸಂಘದವರು ಅಂದೇ ಬದಲಿಸಿದರು, ಪತ್ರಿಕೆಯವರು ಉತ್ತರಿಸಲಿಲ್ಲ.

ಕಂಡದ್ದು

ಕೆಲವು ವಾರಗಳಲ್ಲಿ ಲೆಕ್ಕದ ಪುಟ ಮತ್ತೆ ಹುಡುಕಾಟದಲ್ಲಿ ಕಾಣಿಸಿಕೊಂಡಿತು. 30×40 ಮನೆಯ ಮಳೆನೀರಿನ ಪ್ರಮಾಣದ ಪ್ರಶ್ನೆಗಳಿಗೆ ಅದು ಮೊದಲ ಪುಟಕ್ಕೆ ಬಂತು. ಸಂಪು ಮತ್ತು ಫಿಲ್ಟರಿನ ಪುಟಗಳು ಅದರ ಹಿಂದೆಯೇ ನಿಧಾನವಾಗಿ ಮೇಲೇರಿದವು, ಅವುಗಳಿಗೆ ಹೊರಗಿನಿಂದ ಒಂದೂ ಹೊಸ ಕೊಂಡಿ ಬಂದಿರಲಿಲ್ಲ. ಇದರಲ್ಲಿ ಎಷ್ಟು ಭಾಗ ನಮ್ಮ ಕೆಲಸದ ಫಲ ಎಂದು ಹೇಳುವಾಗ ಎಚ್ಚರ ಬೇಕು. ಮಳೆಗಾಲದಲ್ಲಿ ಇಂಥ ಹುಡುಕಾಟ ತಾನಾಗಿಯೇ ಹೆಚ್ಚುತ್ತದೆ, ಆದ್ದರಿಂದ ಬಂದ ಜನರ ಸಂಖ್ಯೆಯನ್ನು ನಾನು ಸಾಕ್ಷಿಯಾಗಿ ಹಿಡಿಯಲಿಲ್ಲ. ಪುಟಗಳ ಸ್ಥಾನವನ್ನು ನೋಡಿದೆ, ನಾವು ಕೈ ಹಾಕದೆ ಬಿಟ್ಟಿದ್ದ ಕೊಳವೆಬಾವಿ ಮರುಪೂರಣದ ಪುಟದೊಂದಿಗೆ ಹೋಲಿಸಿದೆ. ಅದೇ ಅವಧಿಯಲ್ಲಿ ಆ ಪುಟದ ಸ್ಥಾನ ಕದಲಿರಲಿಲ್ಲ. ಒಂದೇ ಜಾಲತಾಣದ ಈ ಹೋಲಿಕೆ ಪೂರ್ಣ ಪುರಾವೆಯಲ್ಲ, ಆದರೂ ನಮ್ಮ ಮುಂದಿನ ಹೆಜ್ಜೆಗೆ ಸಾಕಾಗುವಷ್ಟು ಆಧಾರವಾಯಿತು. ಸಂಸ್ಥೆಯ ಹೆಸರನ್ನೇ ಹುಡುಕುವವರಿಗೆ ಮುಖಪುಟ ಮೊದಲಿನಂತೆಯೇ ಮೊದಲ ಸ್ಥಾನದಲ್ಲಿತ್ತು. ಹಣದ ಕೊಂಡಿಗಳು ನಿಂತದ್ದರಿಂದ ಅದಕ್ಕೆ ಯಾವ ನಷ್ಟವೂ ಆಗಲಿಲ್ಲ.

ಇಂಗುಬಾವಿಯ ಪುಟ ಮಾತ್ರ ಅಂದುಕೊಂಡಷ್ಟು ಮೇಲೆ ಬರಲಿಲ್ಲ. ಓದಿ ನೋಡಿದರೆ ಅದರಲ್ಲಿ ಬೇರೆಡೆ ಸಿಗದ ಮಾಹಿತಿ ಏನೂ ಇರಲಿಲ್ಲ. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ ಬಾವಿ ಎಂಬ ವಿವರ ಎಲ್ಲ ಕಡೆಯೂ ಇದೆ. ಇದನ್ನು ಹೇಳಿದಾಗ ಅಣ್ಣ ತಮ್ಮ ಫೋನಿನಲ್ಲಿದ್ದ ಚಿತ್ರಗಳನ್ನು ತೆರೆದು ತೋರಿಸಿದರು. ಬಾವಿ ತೋಡುವುದನ್ನು ತಲೆತಲಾಂತರದಿಂದ ಮಾಡಿಕೊಂಡು ಬಂದಿರುವ ಮಣ್ಣು ವಡ್ಡರ ಜೊತೆ ಅವರು ಕೆಲಸ ಮಾಡಿಸುತ್ತಾರೆ. ಯಾವ ಬಡಾವಣೆಯಲ್ಲಿ ಎಷ್ಟು ಅಡಿಗೆ ಕೆಮ್ಮಣ್ಣು ಮುಗಿಯಿತು, ಎಲ್ಲಿ ಕಲ್ಲು ಸಿಕ್ಕಿತು, ಮಳೆ ಬಂದ ಮೇಲೆ ಬಾವಿಯ ನೀರು ಎಷ್ಟು ಹೊತ್ತಿನಲ್ಲಿ ಇಂಗಿತು ಎಂಬುದೆಲ್ಲ ಅವರ ಟಿಪ್ಪಣಿ ಪುಸ್ತಕದಲ್ಲಿದೆ. ಈಗ ತಂಗಿ ಅದನ್ನು ಬಡಾವಣೆಗೊಂದರಂತೆ ಬರೆದು ಆ ಪುಟಕ್ಕೆ ಸೇರಿಸುತ್ತಿದ್ದಾರೆ. ಬನಶಂಕರಿ, ಪದ್ಮನಾಭನಗರ ಮುಗಿದಿವೆ, ಜೆ.ಪಿ. ನಗರ ಅರ್ಧಕ್ಕೆ ಬಂದಿದೆ. ಅದು ಪೂರ್ತಿಯಾಗುವವರೆಗೆ ಆ ಪುಟಕ್ಕಾಗಿ ಯಾರಲ್ಲೂ ಕೊಂಡಿ ಕೇಳುವುದು ಬೇಡ ಎಂದು ಮೂವರೂ ಒಪ್ಪಿದ್ದೇವೆ.